ಎತ್ತಿದ್ದನ್ನು ಹೊರುವವರು ಯಾರು?

ಮನೆಯಲ್ಲಿ ಕಾರೆತ್ತಲು ಜಾಕ್ ಬೇಕೆಂದು ಅಂಗಡಿಗೆ ಹೋದವರು ಮೊದಲು ಕೇಳುವುದು ‘ಎಷ್ಟು ಟನ್ನಿನದು ಇದೆ?’ ಎಂದು. ಅಂಗಡಿಯವರೂ ಅದೇ ಲೆಕ್ಕದಲ್ಲಿ ಉತ್ತರ ಕೊಡುತ್ತಾರೆ: ಎರಡು ಟನ್, ಮೂರು ಟನ್, ಐದು ಟನ್. ಸಂಖ್ಯೆ ಏರಿದಂತೆ ಕೊಳ್ಳುವವರ ಧೈರ್ಯವೂ ಏರುತ್ತದೆ. ಪರಿಚಯದವರು ಯಾರಾದರೂ ಫೋನ್ ಮಾಡಿ ಜಾಕ್ ವಿಚಾರ ಕೇಳಿದರೆ ನಾನು ಟನ್ನಿನ ಮಾತನ್ನು ಕಟ್ಟಕಡೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ಬೇರೆಯೇ ಪ್ರಶ್ನೆಗಳನ್ನು ಕೇಳುತ್ತೇನೆ. ನಿಮ್ಮ ಅಂಗಳದ ನೆಲ ಎಂಥದು? ಕಾರಿನ ಅಂಚು ನೆಲದಿಂದ ಎಷ್ಟು ಎತ್ತರ? ಎತ್ತಿದ ಮೇಲೆ ಅದನ್ನು ಯಾವುದರ ಮೇಲೆ ನಿಲ್ಲಿಸುತ್ತೀರಿ? ಈ ಮೂರನೆಯ ಪ್ರಶ್ನೆಗೆ ಹೆಚ್ಚಿನವರು ‘ಜಾಕ್ ಇದೆಯಲ್ಲ!’ ಎನ್ನುತ್ತಾರೆ. ಆ ಉತ್ತರ ಕೇಳಿದಾಗಲೆಲ್ಲ ನನಗೆ ಕಳವಳವಾಗುತ್ತದೆ.

ಟನ್ನಿನ ಲೆಕ್ಕವನ್ನು ಬೇಗ ಮುಗಿಸಿಬಿಡುತ್ತೇನೆ. ಸ್ವಿಫ್ಟ್‌ನಂಥ ಕಾರು ತೂಗುವುದು ಸುಮಾರು 900 ಕೆ.ಜಿ. ಎಂಜಿನ್ ಮುಂದಿರುವುದರಿಂದ ನೂರರಲ್ಲಿ ಅರುವತ್ತು ಪಾಲಿನಷ್ಟು ಭಾರ ಮುಂದಿನ ಎರಡು ಚಕ್ರಗಳ ಮೇಲೆ ಬೀಳುತ್ತದೆ. ಅಂದರೆ ಮುಂದಿನ ಒಂದು ಚಕ್ರ ಹೊತ್ತಿರುವುದು 270 ಕೆ.ಜಿ. ಆಸುಪಾಸು. ಬದಿಯ ಅಂಚಿಗೆ ಜಾಕ್ ಕೊಟ್ಟು ಎತ್ತುವಾಗ ಪಕ್ಕದ ಚಕ್ರಗಳ ಒಂದಿಷ್ಟು ಪಾಲು ಬಂದು ಸೇರಿಕೊಂಡರೂ ಅರ್ಧ ಟನ್ನನ್ನು ಮುಟ್ಟುವುದಿಲ್ಲ. ಇನ್ನೋವಾ ಕ್ರಿಸ್ಟಾದಂಥ 1,800 ಕೆ.ಜಿ.ಯ ಗಾಡಿಯ ಇಡೀ ಮುಂಭಾಗವನ್ನು ಒಟ್ಟಿಗೆ ಎತ್ತಿದರೂ ಒಂದು ಟನ್ನಿನ ಹತ್ತಿರ ಬರುತ್ತದೆ, ಅಷ್ಟೆ. ಮನೆಯ ಕಾರುಗಳಿಗೆ ಎರಡು ಟನ್ ಧಾರಾಳ, ದೊಡ್ಡ ಎಸ್‌ಯುವಿ ಇದ್ದರೆ ಮೂರು ಟನ್. ಅಲ್ಲಿಗೆ ಆ ವಿಷಯ ಮುಗಿಯಿತು. ಜಾಕ್ ಎಷ್ಟನ್ನು ಎತ್ತಬಲ್ಲದು ಎಂಬುದನ್ನು ಅದರ ಮೇಲಿನ ಸ್ಟಿಕ್ಕರ್ ಹೇಳುತ್ತದೆ. ಎತ್ತಿದ್ದು ಎಷ್ಟು ಹೊತ್ತು, ಯಾವ ನೆಲದ ಮೇಲೆ, ಯಾವುದರ ಆಸರೆಯಲ್ಲಿ ನಿಲ್ಲುತ್ತದೆ ಎಂಬುದನ್ನು ನಾವೇ ಯೋಚಿಸಬೇಕು.

ಇಷ್ಟಕ್ಕೂ ಮನೆಯಲ್ಲೇ ಏಕೆ ಕಾರೆತ್ತಬೇಕು ಎಂದು ಕೇಳುವವರಿದ್ದಾರೆ. ಬೀದಿಯ ತುದಿಯಲ್ಲಿ ಪಂಕ್ಚರ್ ಅಂಗಡಿಯಿದೆ. ಸರ್ವಿಸ್ ಸೆಂಟರಿನವರು ಮನೆಗೇ ಬಂದು ಗಾಡಿ ಒಯ್ದು ತಂದುಬಿಡುತ್ತಾರೆ. ನನಗೆ ಈ ಕೆಲಸ ಇಷ್ಟ, ಅದೇ ನನ್ನ ಉತ್ತರ. ಭಾನುವಾರ ಬೆಳಿಗ್ಗೆ ಬಿಸಿಲು ಏರುವ ಮುಂಚೆ ಹಳೆಯ ಅಂಗಿ ತೊಟ್ಟು ಒಂದು ಚಕ್ರ ಕಳಚಿ ಕೂತರೆ, ದಿನವೂ ಓಡಿಸುವ ಕಾರು ತನ್ನ ಇನ್ನೊಂದು ಮುಖವನ್ನು ತೋರಿಸುತ್ತದೆ. ಬ್ರೇಕ್ ಪ್ಯಾಡ್ ಇನ್ನೆಷ್ಟು ದಪ್ಪ ಉಳಿದಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಶಾಕ್ ಅಬ್ಸಾರ್ಬರಿನ ಮೈಯಲ್ಲಿ ಎಣ್ಣೆ ಜಿನುಗಿದ್ದರೆ ಅದರ ಮೇಲೆ ದೂಳು ಕೂತು ಕಪ್ಪು ಪಟ್ಟಿಯಾಗಿರುತ್ತದೆ. ಡ್ರೈವ್ ಶಾಫ್ಟಿನ ರಬ್ಬರ್ ಬೂಟು ಬಿರುಕು ಬಿಟ್ಟಿದ್ದರೆ ರಿಮ್ಮಿನ ಒಳಮೈಗೆಲ್ಲ ಗ್ರೀಸು ಚಿಮ್ಮಿರುತ್ತದೆ. ಟೈರಿನ ಒಳಅಂಚು ಮಾತ್ರ ಸವೆದಿದ್ದರೆ ಚಕ್ರದ ಅಲೈನ್‌ಮೆಂಟ್ ತಪ್ಪಿದೆ ಎಂದರ್ಥ. ನಿಂತ ಕಾರನ್ನು ಹೊರಗಿನಿಂದ ನೋಡಿದವರಿಗೆ ಇದು ಎಂದಿಗೂ ಕಾಣುವುದಿಲ್ಲ. ಆಗುಂಬೆ ಘಾಟಿ ಇಳಿದು ಕರಾವಳಿ ಸುತ್ತಿ ಬಂದ ಮೇಲೆ ಮಡ್‌ಗಾರ್ಡಿನ ಸಂದಿಯಲ್ಲಿ ಸೇರಿಕೊಂಡ ಕೆಂಪು ಮಣ್ಣು ಹಸಿಯನ್ನು ಹಿಡಿದಿಟ್ಟುಕೊಂಡು ತಗಡನ್ನು ತಿನ್ನುತ್ತಿರುತ್ತದೆ. ಅದನ್ನು ಕೆರೆದು ತೆಗೆದು ನೀರು ಹಾಯಿಸಿದಾಗ ಆಗುವ ಸಮಾಧಾನವೇ ಬೇರೆ. ತಾನು ಬಳಸುವ ಯಂತ್ರದ ಅಡಿಭಾಗವನ್ನು ಬಲ್ಲವನು ಅದನ್ನು ಓಡಿಸುವ ರೀತಿಯೂ ಬದಲಾಗುತ್ತದೆ ಎಂಬುದು ನನ್ನ ನಂಬಿಕೆ. ಈ ತಿಳಿವಿಗೆ ಬಾಗಿಲು ತೆಗೆಯುವ ಉಪಕರಣ ಜಾಕ್.

ಮನೆಯವರ ಕೈಗೆ ಸಿಗುವ ಜಾಕ್‌ಗಳು ಮೂರು ಬಗೆಯವು. ಕಾರಿನ ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕ ಮಲಗಿರುವ ಕತ್ತರಿ ಜಾಕ್ ಮೊದಲನೆಯದು. ಉದ್ದ ಸ್ಕ್ರೂವನ್ನು ತಿರುಗಿಸುತ್ತ ಹೋದರೆ ಅದರ ನಾಲ್ಕು ತೋಳುಗಳು ಮೆಲ್ಲಗೆ ಎದ್ದು ನಿಲ್ಲುತ್ತವೆ. ದಾರಿಯಲ್ಲಿ ಟೈರು ಬದಲಾಯಿಸುವ ಒಂದು ಕೆಲಸಕ್ಕೆ ಅದನ್ನು ಕೊಟ್ಟಿದ್ದಾರೆ, ಆ ಕೆಲಸಕ್ಕೆ ಅದು ಸರಿಯಾಗಿದೆ. ಆದರೆ ಅದರ ಪಾದ ಅಂಗೈಯಗಲ, ಬದಿಯಿಂದ ಒಂದು ತಳ್ಳು ಬಿದ್ದರೆ ವಾಲುತ್ತದೆ. 2020ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮ ತಿದ್ದಿ, ಟೈರಿನ ಗಾಳಿ ಒತ್ತಡ ತಿಳಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಸರಿಪಡಿಸುವ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದಿತು. ಹೊಸ ಕಾರು ಕೊಂಡವರು ಡಿಕ್ಕಿಯ ಹಾಸು ಎತ್ತಿ, ಸ್ಟೆಪ್ನಿಯೂ ಜಾಕೂ ಇವೆಯೇ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಎರಡನೆಯದು ಬಾಟಲಿ ಜಾಕ್. ಮಲೆನಾಡಿನ ನಮ್ಮ ಮನೆಯ ಜೀಪಿನಲ್ಲಿ ಇದ್ದದ್ದು ಅದೇ. ಗಿಡ್ಡ, ದಪ್ಪ, ಎಣ್ಣೆ ಮೆತ್ತಿದ ಮೈ. ಅದರ ಬಾಯಲ್ಲಿ ಕಬ್ಬಿಣದ ಸರಳು ಸಿಕ್ಕಿಸಿ ಒತ್ತುತ್ತ ಹೋದರೆ ನೆತ್ತಿಯಿಂದ ಹೊಳೆಯುವ ಉಕ್ಕಿನ ಕಂಬ ಮೇಲೇಳುತ್ತಿತ್ತು. ಮಳೆಗಾಲದಲ್ಲಿ ತೋಟದ ದಾರಿಯ ಕೆಸರಿನಲ್ಲಿ ಗಾಲಿ ಹೂತರೆ ಅಪ್ಪ ಮೊದಲು ಹುಡುಕುತ್ತಿದ್ದದ್ದು ಹಲಗೆಯನ್ನು. ಹಲಗೆಯಿಲ್ಲದೆ ಜಾಕ್ ಕೊಟ್ಟರೆ ಜೀಪು ಮೇಲೇಳುವುದಕ್ಕೆ ಬದಲು ಜಾಕ್ ಮಣ್ಣಿಗಿಳಿಯುತ್ತಿತ್ತು. ಹಲಗೆ ಹಾಸಿ, ಆ್ಯಕ್ಸಲಿನ ಅಡಿಗೆ ಜಾಕ್ ಇಟ್ಟು ಎತ್ತಿದ ಮೇಲೂ ಅವರು ಕೈಯನ್ನು ಗಾಡಿಯ ಕೆಳಕ್ಕೆ ಹಾಕುತ್ತಿರಲಿಲ್ಲ. ಭೋಗಿ ಮರದ ದಿಮ್ಮಿಯೊಂದನ್ನು ಕಾಲಿನಿಂದ ಚಾಸಿಯ ಅಡಿಗೆ ತಳ್ಳಿ, ಜಾಕನ್ನು ತುಸು ಇಳಿಸಿ, ಜೀಪು ದಿಮ್ಮಿಯ ಮೇಲೆ ಕೂತ ಸದ್ದು ಕೇಳಿದ ನಂತರವೇ ಮುಂದಿನ ಕೆಲಸ. ‘ಜಾಕಿ ಇರದು ಎತ್ತಕ್ಕೆ ಕಣೋ, ನಿಲ್ಸಕ್ಕೆ ದಿಮ್ಮಿ’ ಎನ್ನುತ್ತಿದ್ದರು. ಆಮೇಲೆ ಓದಿ ತಿಳಿದ ಎಲ್ಲ ಸುರಕ್ಷತಾ ಪಾಠಗಳೂ ಆ ಒಂದು ಮಾತಿನ ವಿಸ್ತಾರ ಎಂದೇ ನನಗನ್ನಿಸುತ್ತದೆ.

ಬಾಟಲಿ ಜಾಕ್ ಬಲಶಾಲಿ, ಅಗ್ಗ, ಜಾಗವೂ ಕಡಿಮೆ ಸಾಕು. ಲಾರಿಯವರ ಬಳಿ ಇಪ್ಪತ್ತು ಟನ್ನಿನದೂ ಇರುತ್ತದೆ. ಆದರೆ ಅದು ನೆಟ್ಟಗೆ ನಿಲ್ಲುವ ವಸ್ತುವಾದ್ದರಿಂದ ಪೂರ್ತಿ ಇಳಿಸಿದಾಗಲೂ ಎತ್ತರವಾಗಿಯೇ ಇರುತ್ತದೆ. ಜೀಪು, ಲಾರಿಗಳ ಆ್ಯಕ್ಸಲಿಗೆ ಅದು ಹೊಂದುತ್ತದೆ. ಈಗಿನ ತಗ್ಗು ಕಾರುಗಳ ಅಂಚಿನಡಿ, ಅದರಲ್ಲೂ ಗಾಳಿ ಹೋಗಿ ಕುಸಿದಾಗ, ತೂರುವುದಿಲ್ಲ. ಆ ಕೊರತೆಯನ್ನು ನೀಗಿದ್ದು ಮೂರನೆಯದು, ಗ್ಯಾರೇಜುಗಳಲ್ಲಿ ಎಲ್ಲರೂ ನೋಡಿರುವ ಟ್ರಾಲಿ ಜಾಕ್. ನಾಲ್ಕು ಗಾಲಿಯ ತಗ್ಗು ಬಂಡಿ, ಅದರೊಳಗೆ ಅಡ್ಡಡ್ಡ ಮಲಗಿದ ಹೈಡ್ರಾಲಿಕ್ ಸಿಲಿಂಡರ್, ಸಿಲಿಂಡರ್ ತಳ್ಳಿದಾಗ ಏಳುವ ತೋಳು, ತೋಳಿನ ತುದಿಗೆ ತಟ್ಟೆಯಂಥ ಪೀಠ. ಮನೆಯಲ್ಲಿ ಬ್ರೇಕು, ಟೈರಿನ ಕೆಲಸ ಮಾಡುವವರಿಗೆ ಕೊಳ್ಳಲು ಯೋಗ್ಯವಾದದ್ದು ಇದು.

ಇದರೊಳಗಿನ ತತ್ತ್ವ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ತೀರಿಕೊಂಡದ್ದು 1662ರಲ್ಲಿ. ದ್ರವಗಳ ಸಮತೋಲವನ್ನು ಕುರಿತ ಅವನ ಪುಸ್ತಕ ಅಚ್ಚಾದದ್ದು ಮರುವರ್ಷ. ನೀರು ತುಂಬಿದ ಪಾತ್ರೆಗೆ ಎರಡು ಬಾಯಿಗಳಿದ್ದು ಒಂದು ಇನ್ನೊಂದರ ನೂರು ಪಟ್ಟು ಅಗಲವಾಗಿದ್ದರೆ, ಸಣ್ಣ ಬಾಯಿಯ ಕೊರಡನ್ನು, ಅಂದರೆ ಪಿಸ್ಟನ್ನನ್ನು, ಒತ್ತುವ ಒಬ್ಬ ಮನುಷ್ಯ ದೊಡ್ಡ ಬಾಯಿಯಲ್ಲಿ ನೂರು ಜನರ ಬಲಕ್ಕೆ ಸಾಟಿಯಾಗುತ್ತಾನೆ ಎಂದು ಅವನು ಅದರಲ್ಲಿ ವಿವರಿಸಿದ. ಲೆಕ್ಕ ಸರಿಯಿತ್ತು, ಯಂತ್ರವಾಗಲು ಶತಮಾನಕ್ಕೂ ಮಿಕ್ಕು ಕಾಲ ಹಿಡಿಯಿತು. ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದದ್ದು 1795ರಲ್ಲಿ. ಅವನಿಗೆ ಎದುರಾದ ದೊಡ್ಡ ತೊಡಕು ಸೋರಿಕೆ: ಒತ್ತಡ ಏರಿದಂತೆಲ್ಲ ಕೊರಡಿನ ಸುತ್ತಲಿಂದ ನೀರು ಹೊರಬರುತ್ತಿತ್ತು. ಒತ್ತಡ ಹೆಚ್ಚಿದಷ್ಟೂ ತಾನೇ ಅಗಲಿಕೊಂಡು ಇನ್ನಷ್ಟು ಬಿಗಿಯಾಗಿ ಕೂರುವ ಬಟ್ಟಲಿನಾಕಾರದ ಚರ್ಮದ ವಾಷರ್ ಅದಕ್ಕೆ ಪರಿಹಾರವಾಯಿತು. ಬ್ರಾಮಾನ ಕಾರ್ಯಾಗಾರದಲ್ಲಿದ್ದ ಹೆನ್ರಿ ಮಾಡ್‌ಸ್ಲೆಯೇ ಅದನ್ನು ರೂಪಿಸಿದವನು ಎನ್ನುತ್ತಾರೆ. ಅದೇ ತತ್ತ್ವವನ್ನು ಹೊತ್ತೊಯ್ಯಬಹುದಾದ ಜಾಕ್‌ ರೂಪಕ್ಕೆ ಇಳಿಸಿ ನ್ಯೂಯಾರ್ಕಿನ ರಿಚರ್ಡ್ ಡಜನ್ 1851ರಲ್ಲಿ ಪೇಟೆಂಟ್ ಪಡೆದ.

ಇಂದಿನ ಜಾಕ್‌ನಲ್ಲಿ ನೀರಿನ ಬದಲು ಎಣ್ಣೆ, ಚರ್ಮದ ಬದಲು ರಬ್ಬರ್ ಬಳೆ. ಮಿಕ್ಕಿದ್ದು ಅದೇ. ಪಂಪಿನ ಕೊರಡು 10 ಮಿ.ಮೀ. ವ್ಯಾಸ, ಎತ್ತುವ ಕೊರಡು 40 ಮಿ.ಮೀ. ವ್ಯಾಸ ಎಂದಿಟ್ಟುಕೊಂಡರೆ ವಿಸ್ತೀರ್ಣದಲ್ಲಿ ಹದಿನಾರು ಪಟ್ಟು ವ್ಯತ್ಯಾಸ. ಹಿಡಿಕೆಯ ಸನ್ನೆಯಿಂದ ಇಪ್ಪತ್ತು ಪಟ್ಟು ಸಿಕ್ಕರೆ ಒಟ್ಟು ಮುನ್ನೂರ ಇಪ್ಪತ್ತು. ಐದು ಕೆ.ಜಿ. ಭಾರದಷ್ಟು ಕೈ ಒತ್ತಿದರೆ ಸಿಲಿಂಡರಿನ ಆ ತುದಿಯಲ್ಲಿ 1,600 ಕೆ.ಜಿ.ಯ ಬಲ. ಟ್ರಾಲಿ ಜಾಕ್‌ನ ಉದ್ದ ತೋಳು ಈ ಬಲದ ಒಂದು ಭಾಗವನ್ನು ಎತ್ತರಕ್ಕಾಗಿ ತೆತ್ತುಬಿಡುತ್ತದೆ, ಆದರೂ ಕಾರೆತ್ತಲು ಬೇಕಾದಷ್ಟು ಉಳಿಯುತ್ತದೆ. ಒತ್ತಿದ ಎಣ್ಣೆ ಹಿಂದಕ್ಕೆ ಬಾರದಂತೆ ತಡೆಯುವುದು ಗೋಲಿಯಂಥ ಪುಟ್ಟ ಉಕ್ಕಿನ ಗುಂಡು. ಇಳಿಸುವಾಗ ಹಿಡಿಕೆ ತಿರುವಿದರೆ ಇನ್ನೊಂದು ವಾಲ್ವ್ ತೆರೆದು ಎಣ್ಣೆ ಮರಳಿ ತೊಟ್ಟಿಗೆ ಹೋಗುತ್ತದೆ.

ಈ ರಚನೆಯನ್ನು ಅರ್ಥ ಮಾಡಿಕೊಂಡವರಿಗೆ ಒಂದು ಸತ್ಯ ತಾನಾಗಿ ಹೊಳೆಯುತ್ತದೆ. ಎತ್ತಿ ನಿಲ್ಲಿಸಿದ ಕಾರಿನ ಇಡೀ ಭಾರವನ್ನು ಆ ಹೊತ್ತಿನಲ್ಲಿ ತಡೆದಿರುವುದು ಒಂದು ರಬ್ಬರ್ ಬಳೆ ಮತ್ತು ಒಂದು ಸಣ್ಣ ಗುಂಡು. ಗುಂಡಿನ ಕೂರುಜಾಗಕ್ಕೆ ಮರಳಿನ ಕಣ ಸಿಕ್ಕಿಕೊಂಡರೆ ಸಾಕು, ಜಾಕ್ ಕುಸಿಯತೊಡಗುತ್ತದೆ. ಒಳ್ಳೆಯ ಕಂಪನಿಯದ್ದೋ ಅಗ್ಗದ್ದೋ, ಎಷ್ಟೇ ಟನ್ನಿನದೋ, ಯಾವ ಹೈಡ್ರಾಲಿಕ್ ಜಾಕ್‌ಗೂ ಇದು ತಪ್ಪಿದ್ದಲ್ಲ. ನಮ್ಮ ಊರುಗಳಲ್ಲಿ ರಸ್ತೆಗೆ ಮೇಲಿಂದ ಮೇಲೆ ಡಾಂಬರು ಬಿದ್ದು ಮನೆಗಳು ತಗ್ಗಿಗೆ ಬಿದ್ದಾಗ ಇಡೀ ಮನೆಯನ್ನೇ ಎತ್ತರಿಸುವವರು ಬರುತ್ತಾರೆ. ಅವರು ಗೋಡೆಯಡಿ ಸಾಲಾಗಿ ಹೂಡುವುದು ಕೈಯಿಂದ ತಿರುಗಿಸುವ ಸ್ಕ್ರೂ ಜಾಕ್‌ಗಳನ್ನು. ದಿನಗಟ್ಟಲೆ ಭಾರ ಹೊತ್ತು ನಿಲ್ಲಬೇಕಾದಲ್ಲಿ ಎಣ್ಣೆಗಿಂತ ಸ್ಕ್ರೂವಿನ ಎಳೆ ನಂಬಿಕಸ್ತ, ಅದು ಸೋರುವುದಿಲ್ಲ. ಎತ್ತುವ ಸಾಮರ್ಥ್ಯ ಬೇರೆ, ನಿಂತು ಹೊರುವ ಸಾಮರ್ಥ್ಯ ಬೇರೆ ಎಂಬುದನ್ನು ಆ ಕೆಲಸಗಾರರು ಚೆನ್ನಾಗಿ ಬಲ್ಲರು.

ಇನ್ನು ಎತ್ತರದ ವಿಚಾರ. ಜಾಕ್‌ನ ಪೆಟ್ಟಿಗೆಯ ಮೇಲೆ ಎರಡು ಅಳತೆಗಳಿರುತ್ತವೆ: ಪೂರ್ತಿ ಇಳಿದಾಗ ಎಷ್ಟು, ಪೂರ್ತಿ ಏರಿದಾಗ ಎಷ್ಟು. ಕೊಳ್ಳುವ ಮೊದಲು ಅಳತೆಪಟ್ಟಿ ಹಿಡಿದು ನಿಮ್ಮ ಕಾರಿನ ಬದಿಯ ಅಂಚಿನಲ್ಲಿ ಜಾಕ್ ಕೊಡುವ ಜಾಗ ನೆಲದಿಂದ ಎಷ್ಟು ಎತ್ತರವಿದೆ ನೋಡಿಕೊಳ್ಳಿ. ಟೈರಿನ ಗಾಳಿ ಹೋದರೆ ಅದು ಇನ್ನೂ ನಾಲ್ಕೈದು ಸೆಂ.ಮೀ. ಇಳಿಯುತ್ತದೆ. ಜಾಕ್‌ನ ಇಳಿದ ಎತ್ತರ ಅದಕ್ಕಿಂತ ಕಡಿಮೆ ಇರಬೇಕು. ಸಾಮಾನ್ಯ ಎರಡು ಟನ್ನಿನ ಟ್ರಾಲಿ ಜಾಕ್ 13 ಸೆಂ.ಮೀ. ಸುಮಾರಿನಿಂದ ತೊಡಗಿ 33ರ ವರೆಗೆ ಏರುತ್ತದೆ. ಸಣ್ಣ ಕಾರುಗಳಿಗೆ ಸಾಕು. ತಗ್ಗು ಸೆಡಾನುಗಳಿಗೆ 8–9 ಸೆಂ.ಮೀ.ನಿಂದಲೇ ತೊಡಗುವ ಲೋ ಪ್ರೊಫೈಲ್ ಜಾಕ್ ಸಿಗುತ್ತದೆ.

ಏರಿದ ಎತ್ತರವನ್ನು ಜನ ಹೆಚ್ಚಾಗಿ ಮರೆಯುತ್ತಾರೆ. ಕಾರನ್ನು ಎತ್ತತೊಡಗಿದಾಗ ಚಕ್ರ ಕೂಡಲೇ ನೆಲ ಬಿಡುವುದಿಲ್ಲ. ಇಷ್ಟು ಹೊತ್ತು ಒತ್ತಿಕೊಂಡಿದ್ದ ಸ್ಪ್ರಿಂಗು ಮೊದಲು ಹಿಗ್ಗುತ್ತದೆ, ಮೈ ಮೇಲೆ ಹೋಗುತ್ತಿದ್ದರೂ ಚಕ್ರ ಅಲ್ಲೇ ಇರುತ್ತದೆ. ಹತ್ತು ಹದಿನೈದು ಸೆಂ.ಮೀ. ಎತ್ತಿದ ಮೇಲೆ ಟೈರಿನಡಿ ಬೆಳಕು ಕಾಣುತ್ತದೆ. ಗಾಳಿ ತುಂಬಿದ ಸ್ಟೆಪ್ನಿ ಹಾಕಲು ಇನ್ನೂ ಒಂದಷ್ಟು ಬೇಕು. ಎಸ್‌ಯುವಿಯ ಅಂಚು ನೆಲದಿಂದ ಒಂದಡಿ ಹತ್ತಿರವಿದ್ದರೆ 33 ಸೆಂ.ಮೀ.ವರೆಗೆ ಏರುವ ಜಾಕ್ ಅದಕ್ಕೆ ಮುಟ್ಟಿ ಸುಮ್ಮನಾಗುತ್ತದೆ. ಆಗ ಪೀಠದ ಮೇಲೆ ಮರದ ತುಂಡೋ ಇಟ್ಟಿಗೆಯೋ ಪೇರಿಸುವ ಯೋಚನೆ ಬರುತ್ತದೆ. ಅವಘಡಗಳು ಶುರುವಾಗುವುದೇ ಅಲ್ಲಿ. ದೊಡ್ಡ ಗಾಡಿಯವರು 45–50 ಸೆಂ.ಮೀ. ಏರುವ ಜಾಕನ್ನೇ ನೋಡಬೇಕು. ಅದು ಉಕ್ಕಿನದಾದರೆ ಮೂವತ್ತು ಕೆ.ಜಿ. ದಾಟುತ್ತದೆ, ಮಹಡಿ ಮನೆಯವರು ಅದನ್ನು ಎಲ್ಲಿಡುವುದು ಎಂದೂ ಯೋಚಿಸಬೇಕು. ಅಲ್ಯೂಮಿನಿಯಮ್ಮಿನದು ಹಗುರ, ಕರಾವಳಿಯ ಉಪ್ಪುಗಾಳಿಗೂ ಬಾಳಿಕೆ ಬರುತ್ತದೆ, ಬೆಲೆ ಮಾತ್ರ ಹೆಚ್ಚು.

ನೆಲದ ಪ್ರಶ್ನೆಯನ್ನು ನಾನು ಮೊದಲಿಗೇ ಕೇಳುವುದಕ್ಕೆ ಕಾರಣವಿದೆ. ಟ್ರಾಲಿ ಜಾಕ್‌ನ ತೋಳು ಒಂದು ಕೀಲಿನಿಂದ ಏಳುವಂಥದ್ದು. ಹಾಗಾಗಿ ಪೀಠ ನೆಟ್ಟಗೆ ಮೇಲೇರುವುದಿಲ್ಲ, ಕಮಾನಿನ ಹಾದಿಯಲ್ಲಿ ಏರುತ್ತದೆ. ಕಾರು ನಿಂತಲ್ಲೇ ನಿಂತಿರುವಾಗ ಈ ವ್ಯತ್ಯಾಸವನ್ನು ಸರಿದೂಗಿಸಲು ಜಾಕೇ ಉರುಳಿ ಕಾರಿನಡಿಗೆ ತುಸು ಮುಂದೆ ಸರಿಯಬೇಕು. ಗಾಲಿಗಳಿರುವುದು ಒಯ್ಯಲು ಸಲೀಸಾಗಲಿ ಎಂದಷ್ಟೇ ಅಲ್ಲ, ಈ ಸರಿದಾಟಕ್ಕಾಗಿ. ಗಟ್ಟಿ ಕಾಂಕ್ರೀಟ್ ನೆಲದಲ್ಲಿ ಅದು ನಯವಾಗಿ ಸರಿಯುತ್ತದೆ. ಮಣ್ಣಿನಲ್ಲಿ, ಜಲ್ಲಿಯಲ್ಲಿ, ಮರಳಿನಲ್ಲಿ ಉಕ್ಕಿನ ಗಾಲಿ ಹೂತುಕೊಳ್ಳುತ್ತದೆ. ಜಾಕ್ ಸರಿಯದಿದ್ದರೆ ಪೀಠವೇ ಅಂಚಿನಿಂದ ಜಾರುತ್ತದೆ, ಇಲ್ಲವೇ ಕಾರನ್ನೇ ಎಳೆಯುತ್ತದೆ. ನಮ್ಮ ಊರ ಅಂಗಳಗಳು ನಾನಾ ಬಗೆ: ಸಗಣಿ ಸಾರಿಸಿದ ಮಣ್ಣು, ಕಡಪ ಕಲ್ಲು, ಮರಳ ಮೇಲೆ ಜೋಡಿಸಿದ ಇಂಟರ್‌ಲಾಕ್ ಇಟ್ಟಿಗೆ, ಗೇಟಿನ ಬಳಿಯ ಇಳಿಜಾರು. ಮಣ್ಣಿನಂಗಳದವರು ದಪ್ಪ ಪ್ಲೈವುಡ್ಡನ್ನೋ ಉಕ್ಕಿನ ತಗಡನ್ನೋ ಹಾಸಿ ಅದರ ಮೇಲೆ ಜಾಕ್ ಉರುಳಲು ದಾರಿ ಮಾಡಿಕೊಡಬೇಕು. ತೆಳು ಕಲ್ಲಿನ ಹಾಸು ಒಂದೇ ಬಿಂದುವಿನ ಭಾರಕ್ಕೆ ಸೀಳಬಹುದು, ಅದಕ್ಕೂ ಹಲಗೆ ಬೇಕು. ಇಳಿಜಾರಿನಲ್ಲಿ ಮಾತ್ರ ಯಾವ ಉಪಾಯವೂ ಬೇಡ. ಸಮತಟ್ಟಾದ ಬೇರೆ ಜಾಗ ಹುಡುಕಿ. ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಎರಡು ಕಂಬಗಳ ನಡುವೆ ಹಿಡಿಕೆ ಆಡಿಸಲೂ ಜಾಗವಿರುವುದಿಲ್ಲ. ಕಾರನ್ನು ಹೊರತಂದೇ ಕೆಲಸ ಮಾಡಬೇಕು.

ತೇರು ಎಳೆಯುವ ದಿನ ಗಾಲಿಯ ಪಕ್ಕದಲ್ಲೇ ಮರದ ಸನ್ನೆ ಹಿಡಿದು ನಡೆಯುವವರನ್ನು ನೀವು ನೋಡಿರುತ್ತೀರಿ. ಸಾವಿರ ಜನ ಮಿಣಿ ಎಳೆಯುತ್ತಿರುವಾಗ ಆ ಬೃಹತ್ತನ್ನು ನಿಲ್ಲಿಸುವುದು, ತಿರುಗಿಸುವುದು ಅವರ ಕೈಯ ಆ ಮರದ ತುಂಡು. ಕಾರಿನ ಚಕ್ರಕ್ಕೆ ಕೊಡುವ ಅಡ್ಡೆಗೂ ಅಷ್ಟೇ ಘನತೆ ಸಲ್ಲಬೇಕು. ಹ್ಯಾಂಡ್‌ಬ್ರೇಕ್ ಹಾಕಿದೆ, ಗೇರಿನಲ್ಲಿ ಬಿಟ್ಟಿದ್ದೇನೆ, ಸಾಕಲ್ಲ ಎನ್ನುವವರು ಒಂದು ವಿಷಯ ತಿಳಿಯಬೇಕು. ನಮ್ಮ ಬಹುಪಾಲು ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು, ಗೇರು ಹಿಡಿಯುವುದು ಮುಂದಿನವನ್ನು. ಹಿಂಭಾಗವನ್ನು ಎತ್ತಿದರೆ ಹ್ಯಾಂಡ್‌ಬ್ರೇಕ್ ಗಾಳಿಯಲ್ಲಿ ತೇಲುವ ಚಕ್ರಗಳನ್ನು ಹಿಡಿದಿರುತ್ತದೆ. ಮುಂದಿನ ಒಂದು ಚಕ್ರ ಎತ್ತಿದರೆ ಡಿಫರೆನ್ಷಿಯಲ್‌ನ ದೆಸೆಯಿಂದ ಆ ಚಕ್ರ ಹಿಮ್ಮುಖವಾಗಿ ತಿರುಗುತ್ತ, ನೆಲದ ಮೇಲಿರುವ ಅದರ ಜೊತೆಗಾರ ಉರುಳಲು ಬಿಟ್ಟುಕೊಡುತ್ತದೆ. ಗೇರಿನ ಹಿಡಿತ ಅಲ್ಲಿಗೆ ಮುಗಿಯಿತು. ಆದ್ದರಿಂದ ನೆಲದ ಮೇಲೆ ಉಳಿಯುವ ಚಕ್ರಗಳಿಗೆ, ಎತ್ತುವ ಮೂಲೆಯ ಕರ್ಣದ ತುದಿಯಲ್ಲಿರುವುದಕ್ಕಂತೂ ತಪ್ಪದೆ, ಎರಡೂ ಬದಿಯಿಂದ ಅಡ್ಡೆ ಕೊಡಬೇಕು. ಚಕ್ರದ ನಟ್ಟುಗಳನ್ನು ಎತ್ತುವ ಮುಂಚೆಯೇ ಅರ್ಧ ಸುತ್ತು ಸಡಿಲಿಸಬೇಕು. ಎತ್ತಿದ ಮೇಲೆ ಸ್ಪ್ಯಾನರಿನ ಮೇಲೆ ಕಾಲಿಟ್ಟು ಒದೆಯುವುದೆಂದರೆ ಕಾರನ್ನು ಜಾಕ್‌ನಿಂದ ತಳ್ಳಿದ ಹಾಗೆಯೇ.

ಈಗ ಜಾಕ್ ಸ್ಟ್ಯಾಂಡಿನ ಮಾತು. ನನ್ನ ದೃಷ್ಟಿಯಲ್ಲಿ ಕೊಳ್ಳಬೇಕಾದ ಮೊದಲ ವಸ್ತು ಇದೇ. ಉಕ್ಕಿನ ಮೂರು ಅಥವಾ ನಾಲ್ಕು ಕಾಲಿನ ಕುರ್ಚಿ, ನಡುವೆ ಹಲ್ಲುಹಲ್ಲಾಗಿ ಏರುವ ಕಂಬ, ಕಂಬವನ್ನು ಹಿಡಿದು ನಿಲ್ಲಿಸುವ ಕೊಕ್ಕೆ. ಇದರಲ್ಲಿ ಎಣ್ಣೆಯಿಲ್ಲ, ರಬ್ಬರಿಲ್ಲ, ಸೋರುವುದಕ್ಕೆ ಏನೂ ಇಲ್ಲ. ಜಾಕ್‌ನಿಂದ ಎತ್ತಿ, ಸ್ಟ್ಯಾಂಡನ್ನು ಕಾರಿನ ಕೈಪಿಡಿ ತೋರಿಸಿದ ಜಾಗದಡಿ ಇಟ್ಟು, ಜಾಕನ್ನು ಇಳಿಸಿ ಭಾರವನ್ನು ಅದಕ್ಕೆ ಒಪ್ಪಿಸಬೇಕು. ಆಮೇಲೆ ಕಾರನ್ನು ಕೈಯಿಂದ ಚೆನ್ನಾಗಿ ಅಲುಗಿಸಿ ನೋಡಬೇಕು. ಬೀಳುವುದಿದ್ದರೆ ನಾವು ಹೊರಗಿರುವಾಗಲೇ ಬೀಳಲಿ. ಕಳಚಿದ ಚಕ್ರವನ್ನು ಅಂಚಿನ ಕೆಳಗೆ ಅಡ್ಡ ಮಲಗಿಸಿದರೆ ಅದು ಮೂರನೆಯ ಆಸರೆ. ಅದಕ್ಕೆ ಕಾಸಿನ ಖರ್ಚೂ ಇಲ್ಲ. ಸ್ಟ್ಯಾಂಡನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 2020ರಲ್ಲಿ ಅಮೆರಿಕದ ಹಾರ್ಬರ್ ಫ್ರೈಟ್ ಕಂಪನಿ ತಾನು ಮಾರಿದ್ದ ಲಕ್ಷಾಂತರ ಜಾಕ್ ಸ್ಟ್ಯಾಂಡುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಕಂಬದ ಹಲ್ಲು ಮತ್ತು ಕೊಕ್ಕೆ ಸರಿಯಾಗಿ ಕಚ್ಚಿಕೊಳ್ಳದೆ ಭಾರದಡಿ ಕುಸಿಯುವ ಅಪಾಯವಿತ್ತು. ಬದಲಿಗೆ ಕೊಟ್ಟವುಗಳಲ್ಲಿ ಕೆಲವಕ್ಕೆ ವೆಲ್ಡಿಂಗ್ ದೋಷವಿದ್ದು ಅದೇ ವರ್ಷ ಅವನ್ನೂ ಹಿಂದಕ್ಕೆ ಪಡೆಯಬೇಕಾಯಿತು. ಕೊಕ್ಕೆ ಪೂರ್ತಿ ಕೂತಿದೆಯೇ, ಬೆಸುಗೆಯಲ್ಲಿ ಬಿರುಕಿದೆಯೇ ಎಂದು ಪ್ರತಿ ಸಲವೂ ನೋಡಬೇಕು. ಅಡ್ಡಲಾಗಿ ಪಿನ್ನು ತೂರಿಸುವ ವ್ಯವಸ್ಥೆಯೂ ಇರುವ ಸ್ಟ್ಯಾಂಡ್ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ.

ಸ್ಟ್ಯಾಂಡಿಲ್ಲದ ಕಡೆ ನಮ್ಮವರು ಕೈಗೆ ಸಿಕ್ಕಿದ್ದನ್ನು ಇಡುತ್ತಾರೆ. ದಕ್ಷಿಣ ಕನ್ನಡದಲ್ಲಿ ಕೆಂಪು ಕಲ್ಲು, ಬಯಲುಸೀಮೆಯಲ್ಲಿ ಸೈಜುಗಲ್ಲು, ನಗರಗಳಲ್ಲಿ ಹಾಲೊ ಬ್ಲಾಕ್. ದಯವಿಟ್ಟು ಇದನ್ನು ಮಾಡಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಕಲ್ಲು, ಇಟ್ಟಿಗೆ, ಕಾಂಕ್ರೀಟಿನ ಬ್ಲಾಕ್ ಗೋಡೆಯಲ್ಲಿ ಹರಡಿಕೊಂಡ ಭಾರವನ್ನು ಹೊರುತ್ತವೆ. ಕಾರಿನ ಅಂಚಿನಂಥ ಕಿರಿದಾದ ತಗಡು ಒಂದೇ ಕಡೆ ಒತ್ತಿದರೆ ಅವು ಬಾಗುವುದಿಲ್ಲ, ಮುನ್ಸೂಚನೆ ಕೊಡುವುದಿಲ್ಲ, ಒಮ್ಮೆಲೇ ಒಡೆದುಹೋಗುತ್ತವೆ. ಮರ ಹಾಗಲ್ಲ, ನಲುಗುತ್ತ, ಸದ್ದು ಮಾಡುತ್ತ ಎಚ್ಚರಿಸುತ್ತದೆ. ಅಪ್ಪ ಜೀಪಿನಡಿ ಗಟ್ಟಿ ದಿಮ್ಮಿಯನ್ನೇ ತಳ್ಳುತ್ತಿದ್ದುದರ ಹಿಂದೆ ಇಂಥದ್ದೊಂದು ಅನುಭವದ ವಿವೇಕವಿತ್ತು.

ಕೊಳ್ಳಲು ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯಿದೆ. ವಾಹನದ ಬಿಡಿಭಾಗಗಳ ಅಂಗಡಿಗಳು ಸಾಲುಗಟ್ಟಿ ನಿಂತಿರುವ ಆ ಬೀದಿಯಲ್ಲಿ ನಡೆಯುವುದೇ ನನಗೊಂದು ಸಂತೋಷ. ಪೆಟ್ಟಿಗೆಯ ಚಿತ್ರ ನೋಡಿ ಕೊಳ್ಳುವುದಕ್ಕಿಂತ ಅಂಗಡಿಗೆ ಹೋಗಿ ಮುಟ್ಟಿ ನೋಡುವುದು ಲೇಸು. ಬೆಸುಗೆಯ ಸಾಲು ಒಂದೇ ಸಮನಾಗಿದೆಯೇ? ಗಾಲಿಗಳು ಅಲ್ಲಾಡದೆ ಉರುಳುತ್ತವೆಯೇ? ಹಿಡಿಕೆ ಉದ್ದವಿದೆಯೇ? ಉದ್ದವಿದ್ದಷ್ಟೂ ಕೈಗೆ ಹಗುರ. ಪೀಠದ ಮೇಲೆ ರಬ್ಬರ್ ಮೆತ್ತೆಯಿದೆಯೇ? ಬದಿಯಂಚಿನ ತಗಡು ಕೂರಲು ನಡುವೆ ಸೀಳಿರುವ ಮೆತ್ತೆ ಉತ್ತಮ. ಬ್ಯಾಟರಿ ಕಾರಿನವರಿಗೆ ಇದು ಇನ್ನೂ ಮುಖ್ಯ. ಅವರ ಗಾಡಿಯ ಹೊಟ್ಟೆಯಡಿ ಇರುವುದು ಬ್ಯಾಟರಿ ಪೆಟ್ಟಿಗೆ, ಗುರುತು ಮಾಡಿದ ಜಾಗ ಬಿಟ್ಟು ಬೇರೆಲ್ಲೂ ಜಾಕ್ ಕೊಡುವಂತಿಲ್ಲ. ಹೊರಲಾರದಷ್ಟು ಭಾರ ಬಿದ್ದರೆ ಎತ್ತಲು ನಿರಾಕರಿಸುವ ಸುರಕ್ಷಾ ವಾಲ್ವ್ ಇದೆಯೇ ಎಂದು ಕೇಳಿ. ಯುರೋಪಿನ ಇಎನ್ 1494, ಅಮೆರಿಕದ ಎಎಸ್‌ಎಂಇ ಪೇಸ್ ಎಂಬ ಮಾನದಂಡಗಳ ಹೆಸರು ಮುದ್ರಿತವಾಗಿದ್ದರೆ ಒಳ್ಳೆಯದು. ಸಾಧ್ಯವಾದರೆ ಅಂಗಡಿಯ ಮುಂದೆಯೇ ಒಂದು ಗಾಡಿಯನ್ನು ಎತ್ತಿಸಿ, ಮೆಲ್ಲಗೆ ಇಳಿಸಿ ನೋಡಿ. ಒಳ್ಳೆಯ ಜಾಕ್ ಏರುವಾಗಿನಷ್ಟೇ ಸಾವಧಾನವಾಗಿ ಇಳಿಯುತ್ತದೆ. ಹಿಡಿಕೆ ತುಸು ತಿರುವಿದ್ದಕ್ಕೇ ದಪ್ಪೆಂದು ಕುಸಿಯುವುದನ್ನು ಬಿಟ್ಟು ಬನ್ನಿ.

ತಂದ ಮೇಲೆ ಅದಕ್ಕೊಂದಿಷ್ಟು ಆರೈಕೆ ಬೇಕು. ಹೊಸದರೊಳಗೆ ಗಾಳಿ ಸೇರಿಕೊಂಡಿದ್ದರೆ ಪಂಪು ಸ್ಪಂಜಿನಂತೆ ಮೆತ್ತಗೆನಿಸುತ್ತದೆ. ಇಳಿಸುವ ವಾಲ್ವ್ ತೆರೆದಿಟ್ಟು ಹಿಡಿಕೆಯನ್ನು ಹಲವು ಬಾರಿ ಆಡಿಸಿದರೆ ಗಾಳಿ ತೊಟ್ಟಿಗೆ ಸರಿಯುತ್ತದೆ. ಎಣ್ಣೆ ಕಡಿಮೆಯಾದರೆ ಜಾಕ್‌ಗೆಂದೇ ಇರುವ ಹೈಡ್ರಾಲಿಕ್ ಎಣ್ಣೆ ಹಾಕಬೇಕು. ಮನೆಯಲ್ಲಿದೆ ಎಂದು ಬ್ರೇಕ್ ಆಯಿಲ್ ಸುರಿದರೆ ರಬ್ಬರ್ ಬಳೆ ಉಬ್ಬಿ ಹಾಳಾಗುತ್ತದೆ. ಇಡುವಾಗ ಪೂರ್ತಿ ಇಳಿಸಿಯೇ ಇಡಬೇಕು. ಹೊಳೆಯುವ ಕೊರಡು ಎಣ್ಣೆಯೊಳಗೆ ಮುಳುಗಿದ್ದರೆ ತುಕ್ಕು ಹತ್ತುವುದಿಲ್ಲ, ತುಕ್ಕಿಲ್ಲದಿದ್ದರೆ ಬಳೆ ಸವೆಯುವುದಿಲ್ಲ. ನಮ್ಮ ಮನೆಯಲ್ಲಿ ಆಯುಧಪೂಜೆಯ ದಿನ ಕಾರಿನ ಜೊತೆ ಜಾಕ್, ಸ್ಟ್ಯಾಂಡು, ಸ್ಪ್ಯಾನರುಗಳನ್ನೂ ಒರೆಸಿ ಕುಂಕುಮ ಇಡುತ್ತೇವೆ. ಅಂದು ಒರೆಸುವಾಗ ಪ್ರತಿ ಬೆಸುಗೆಯ ಮೇಲೂ ಬೆರಳಾಡುತ್ತದೆ, ಪ್ರತಿ ನಟ್ಟೂ ಕಣ್ಣಿಗೆ ಬೀಳುತ್ತದೆ. ಆ ಹಬ್ಬದಲ್ಲಿ ಭಕ್ತಿಯೂ ಪರೀಕ್ಷೆಯೂ ಒಟ್ಟಿಗೆ ನಡೆಯುವುದು ನನಗೆ ಬಹಳ ಇಷ್ಟ. ಮಗಳು ಪಕ್ಕದಲ್ಲಿ ಕೂತು ಕೊಕ್ಕೆಯನ್ನು ಹಲ್ಲಿನಿಂದ ಹಲ್ಲಿಗೆ ಏರಿಸುತ್ತ ಸದ್ದು ಕೇಳುತ್ತಾಳೆ. ಚಕ್ರ ಬದಲಾಯಿಸುವುದನ್ನು ಅವಳು ಕಲಿತಿದ್ದಾಳೆ. ಅದಕ್ಕೂ ಮೊದಲು ಅಡ್ಡೆ ಕೊಡುವುದನ್ನು ಕಲಿತಳು.

ಇಷ್ಟೆಲ್ಲ ಹೇಳುವುದು ಭಾನುವಾರದ ಹವ್ಯಾಸಿಗಳಿಗೆ ಮಾತ್ರ ಎಂದುಕೊಳ್ಳಬಾರದು. ಹೆದ್ದಾರಿಯ ಬದಿಯಲ್ಲಿ ಲಾರಿಯ ಕೆಳಗಿನಿಂದ ಎರಡು ಕಾಲು ಮಾತ್ರ ಹೊರಗೆ ಕಾಣುವ ದೃಶ್ಯವನ್ನು ನಾವೆಲ್ಲ ಕಂಡಿದ್ದೇವೆ. ಒಂದು ಬಾಟಲಿ ಜಾಕ್, ಹಿಂದಿನ ಗಾಲಿಗೊಂದು ಕಲ್ಲು, ಅಷ್ಟೇ ಆಸರೆ. ಊರ ಸಣ್ಣ ಗ್ಯಾರೇಜುಗಳಲ್ಲಿ ಹದಿಹರೆಯದ ಹುಡುಗರು ಹಾಗೆಯೇ ಕಾರಿನಡಿ ತೂರುತ್ತಾರೆ. ಅವರಿಗೆ ಅಪಾಯ ಗೊತ್ತಿಲ್ಲವೆಂದಲ್ಲ. ಸ್ಟ್ಯಾಂಡಿಗೆ ದುಡ್ಡು ಹಾಕುವವರಿಲ್ಲ. ಗಾಡಿ ನಮ್ಮದು, ಅದರ ಕೆಳಗೆ ಹೋಗುವ ಮೈ ಇನ್ನೊಬ್ಬರದು. ಲಾರಿಯ ಮಾಲೀಕರು ಪ್ರತಿ ಗಾಡಿಯಲ್ಲೂ ಒಂದು ಜೊತೆ ಭದ್ರ ಸ್ಟ್ಯಾಂಡ್ ಇಡಲಿ. ಗ್ಯಾರೇಜಿಗೆ ಕಾರು ಬಿಡುವ ನಾವು, ಹುಡುಗ ಬರಿಯ ಜಾಕ್‌ ನಂಬಿ ಕೆಳಗಿಳಿಯುವುದನ್ನು ಕಂಡರೆ ‘ಸ್ಟ್ಯಾಂಡ್ ಕೊಟ್ಟು ಮಾಡಪ್ಪ, ನನಗೆ ಅವಸರವಿಲ್ಲ’ ಎಂದು ಹೇಳೋಣ. ಆ ಒಂದು ಮಾತಿನಿಂದ ಕೆಲಸ ಕಾಲು ಗಂಟೆ ತಡವಾಗಬಹುದು. ಆಗಲಿ. ಮನೆಗೆ ಜಾಕ್ ಕೊಳ್ಳುವವರಿಗೂ ನನ್ನ ಸಲಹೆ ಇದೇ ಲೆಕ್ಕದ್ದು: ಜಾಕ್, ಒಂದು ಜೊತೆ ಸ್ಟ್ಯಾಂಡ್, ಒಂದು ಜೊತೆ ಅಡ್ಡೆ, ಮೂರನ್ನೂ ಒಂದೇ ಬಿಲ್ಲಿನಲ್ಲಿ ತನ್ನಿ. ದುಡ್ಡು ಸಾಲದಿದ್ದರೆ ಟನ್ನಿನಲ್ಲಿ ಒಂದು ಮೆಟ್ಟಿಲು ಇಳಿಯಿರಿ, ಸ್ಟ್ಯಾಂಡನ್ನು ಮಾತ್ರ ಬಿಡಬೇಡಿ.